ಒಬ್ಬರೇ ನಡೆಯುವ ಹಾಗಿಲ್ಲ

ನಾನು ಚೆನ್ನೈಗೆ ಬಂದು ಹನ್ನೊಂದು ವರ್ಷ ಆಯ್ತು. ಓಎಂಆರ್‌ನಲ್ಲಿ ಕೆಲಸ, ಸಾಫ್ಟ್‌ವೇರ್ ಟೆಸ್ಟಿಂಗ್. ಊರು ಚಿತ್ರದುರ್ಗದ ಕಡೆ, ಅಂದ್ರೆ ಸಮುದ್ರಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಆದರೂ ಇವತ್ತು ಕಡಲಾಮೆ ಬಗ್ಗೆ ಮಾತಾಡೋಕೆ ಬಂದಿದೀನಿ. ನಿಜ ಹೇಳಬೇಕಂದ್ರೆ ಆಮೆಗಿಂತ ಜಾಸ್ತಿ ಆಮೆ ಕಾಯೋ ಜನರ ಬಗ್ಗೆ.

ಜನವರಿಯಿಂದ ಏಪ್ರಿಲ್‌ವರೆಗೆ ಆಲಿವ್ ರಿಡ್ಲಿ ಅನ್ನೋ ಜಾತಿಯ ಹೆಣ್ಣಾಮೆಗಳು ಚೆನ್ನೈ ತೀರಕ್ಕೆ ರಾತ್ರಿ ಹೊತ್ತು ಬಂದು ಮೊಟ್ಟೆ ಇಡುತ್ತವೆ. ಒಂದೊಂದು ಗೂಡಿನಲ್ಲಿ ನೂರರ ಮೇಲೆ ಮೊಟ್ಟೆ. ಹೆಚ್ಚುಕಮ್ಮಿ ಐವತ್ತು ದಿನಕ್ಕೆ ಮರಿ ಹೊರಬರುತ್ತೆ. ಮರಿಗೆ ಗೊತ್ತಿರೋದು ಒಂದೇ: ಎಲ್ಲಿ ಬೆಳಕೋ ಆ ಕಡೆ ಹೋಗು. ಕತ್ತಲೆಯ ತೀರದಲ್ಲಿ ಬೆಳಕು ಅಂದ್ರೆ ಸಮುದ್ರದ ಮೇಲಿನ ಆಕಾಶ. ನಮ್ಮ ಬೀಚ್‌ಗಳಲ್ಲಿ ಬೆಳಕು ಅಂದ್ರೆ ಬೀದಿದೀಪ. ಮರಿಗಳು ನೇರ ರಸ್ತೆಗೆ ಹೋಗುತ್ತವೆ. ನಾಯಿ, ಕಾಗೆ ಕಾಟ ಬೇರೆ. ಅದಕ್ಕೇ ಅರಣ್ಯ ಇಲಾಖೆಯ ಅನುಮತಿ ಪಡೆದ ಸ್ವಯಂಸೇವಕರು ರಾತ್ರಿ ನಡೆದು, ಗೂಡು ಹುಡುಕಿ, ಮೊಟ್ಟೆಗಳನ್ನ ಬೇಲಿ ಹಾಕಿದ ಜಾಗಕ್ಕೆ ತಂದು ಹೂಳ್ತಾರೆ.

ಇದು ಹೊಸದಲ್ಲ. 1970ರ ದಶಕದಲ್ಲಿ ರೊಮುಲಸ್ ವಿಟೇಕರ್ ಮತ್ತು ಅವರ ಜೊತೆಗಾರರು ಮದ್ರಾಸಿನ ತೀರದಲ್ಲಿ ನಡೆದಿದ್ದರು. 1988ರಲ್ಲಿ ಕಾಲೇಜು ಹುಡುಗ ಹುಡುಗಿಯರು ಸೇರಿ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್ ಕಟ್ಟಿದರು. ಅವರಲ್ಲಿ ಒಬ್ಬರು ಕಾರ್ತಿಕ್ ಶಂಕರ್, ಈಗ ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲಿ ಪ್ರಾಧ್ಯಾಪಕರು. ಆಗ ಶುರುವಾದದ್ದು ಇವತ್ತಿಗೂ ನಡೀತಿದೆ. ನೀಲಾಂಗರೈನಿಂದ ಬೆಸೆಂಟ್ ನಗರದ ಕಡೆಗೆ ಸುಮಾರು ಏಳು ಕಿಲೋಮೀಟರ್, ಪ್ರತಿ ಸೀಸನ್, ಮರಳಿನ ಮೇಲೆ. ವಿದ್ಯಾರ್ಥಿಗಳು ಅಂದ್ರೆ ಮೂರ್ನಾಲ್ಕು ವರ್ಷಕ್ಕೆ ಓದು ಮುಗಿಸಿ ಹೋಗೋರು. ಸಂಬಳ ಇಲ್ಲ, ಸರ್ಟಿಫಿಕೇಟ್‌ಗೂ ಆಸೆ ಪಡೋಹಾಗಿಲ್ಲ. ಮತ್ತೆ ಇಷ್ಟು ವರ್ಷ ಹೇಗೆ ಉಳೀತು?

ನಾನು ನಡೆಯೋದು ಇಂಥದೇ ಇನ್ನೊಂದು ಪುಟ್ಟ ತಂಡದ ಜೊತೆ. ಹೆಸರು ಬೇಡ ಅಂದಿದಾರೆ. ಅಲ್ಲಿ ನಾನು ಕಂಡಿದ್ದನ್ನ ಹೇಳ್ತೀನಿ.

ಮೊದಲು ನನ್ನ ಪೆದ್ದುತನ. ಸೇರಿದ ಎರಡನೇ ವರ್ಷ ಉತ್ಸಾಹ ಜಾಸ್ತಿಯಾಗಿ ಆಫೀಸಿನಿಂದ ನಲವತ್ತು ಜನರನ್ನ ಕರ್ಕೊಂಡು ಹೋದೆ. ಟೀ ಶರ್ಟು, ಬ್ಯಾನರು, ಬಸ್ಸು, ಬಿಸ್ಕೆಟ್ ಪ್ಯಾಕೆಟ್ಟು. ಆ ರಾತ್ರಿ ಒಂದೂ ಆಮೆ ಬರಲಿಲ್ಲ. ಬರಬೇಕು ಅಂತ ಏನೂ ಇಲ್ಲವಲ್ಲ! ಗ್ರೂಪ್ ಫೋಟೋ ಚೆನ್ನಾಗಿ ಬಂತು, ಮೇಲ್ ಬಂತು, ಮೆಚ್ಚುಗೆ ಬಂತು. ನಲವತ್ತರಲ್ಲಿ ಮತ್ತೆ ಬಂದವರು ಸೊನ್ನೆ. ನನಗೆ ಸಿಟ್ಟು ಬಂದಿತ್ತು, ಜನಕ್ಕೆ ಪರಿಸರದ ಬಗ್ಗೆ ಕಾಳಜಿನೇ ಇಲ್ಲ ಅಂತ. ಕುಪ್ಪಂನ ಒಬ್ಬರು ಹಿರಿಯ ಮೀನುಗಾರರು, ನಾವೆಲ್ಲ ಅಣ್ಣಾ ಅಂತೀವಿ, ನಕ್ಕುಬಿಟ್ಟರು. "ಅವರಲ್ಲಿ ಒಬ್ಬರ ಹೆಸರಾದ್ರೂ ನಮಗೆ ಗೊತ್ತಾ?" ಅಂದರು. ಗೊತ್ತಿರಲಿಲ್ಲ. ಅವರಿಗೂ ನಮ್ಮ ಹೆಸರು ಗೊತ್ತಿರಲಿಲ್ಲ. ಮುಂದಿನ ವಾರ ಅವರು ಬರದೇ ಇದ್ದರೆ ಯಾರಿಗೆ ಏನು ಕಮ್ಮಿ ಆಗ್ತಿತ್ತು?

ನಾನು ಉಳಿದಿದ್ದು ಹೇಗೆ ಅಂತ ಆಮೇಲೆ ಯೋಚನೆ ಮಾಡಿದೆ. ಮೊದಲ ರಾತ್ರಿ ನನಗೆ ಆಮೆಯ ಜಾಡು ತೋರಿಸಿದರು, ಟ್ರ್ಯಾಕ್ಟರ್ ಟೈರಿನ ಗುರುತಿನ ಥರ ಇರುತ್ತೆ. ಕೋಲಿನಿಂದ ಮೆಲ್ಲಗೆ ಚುಚ್ಚಿ ನೋಡ್ತಾರೆ; ಗಟ್ಟಿ ಮರಳಿನ ಮಧ್ಯೆ ಒಂದು ಕಡೆ ಕೋಲು ತಾನೇ ಜಾರಿ ಒಳಗೆ ಹೋಗುತ್ತೆ, ಅಲ್ಲೇ ಗೂಡು. ಮೊಟ್ಟೆ ತೆಗೆದು ಬಟ್ಟೆ ಚೀಲಕ್ಕೆ ಹಾಕಿದರು. ಆ ಚೀಲ ಹೊರೋಕೆ ಕೊಟ್ಟಿದ್ದು ನನ್ನ ಕೈಗೆ, ಅತಿ ಹೊಸಬನ ಕೈಗೆ. "ಅಲ್ಲಾಡಿಸಬೇಡಿ" ಅಂದರು ಅಷ್ಟೇ. ನೂರು ಚಿಲ್ಲರೆ ಮೊಟ್ಟೆ ಎದೆಗೆ ಒತ್ತಿಕೊಂಡು ಮೂರು ಕಿಲೋಮೀಟರ್ ನಡೆದೆ. ನನ್ನ ಮಗಳನ್ನ ಆಸ್ಪತ್ರೆಯಿಂದ ತಂದಾಗಲೂ ಅಷ್ಟು ಹುಷಾರಾಗಿ ನಡೆದಿದ್ದೆನೋ ಇಲ್ಲವೋ. ಐವತ್ತು ದಿನ ಆದಮೇಲೆ "ನಿಮ್ಮ ಗೂಡು ಒಡೀತಿದೆ, ಬನ್ನಿ" ಅಂತ ಫೋನ್ ಬಂತು. ನಿಮ್ಮ ಗೂಡು ಅಂದರು, ನೋಡಿ. ಹೋಗದೇ ಇರೋಕಾಗುತ್ತಾ?

ನಮ್ಮಲ್ಲಿ ಇನ್ನೊಂದು ನಿಯಮ ಇದೆ. ರಾತ್ರಿ ಒಬ್ಬರೇ ನಡೆಯುವ ಹಾಗಿಲ್ಲ. ಸುರಕ್ಷತೆಗೆ ಅಂತ ಮಾಡಿದ್ದು. ಆದರೆ ಅದರ ಅಸಲಿ ಕೆಲಸ ಬೇರೆ. ನಾನು ಬರಲ್ಲ ಅಂದ್ರೆ ನನ್ನ ಜೋಡಿಯೂ ಬರೋ ಹಾಗಿಲ್ಲ, ಆ ದಾರಿ ಆವತ್ತು ಖಾಲಿ. ನನ್ನ ಜೋಡಿ ಪಾಲಿಟೆಕ್ನಿಕ್ ಓದೋ ಹುಡುಗ, ಮೀನುಗಾರರ ಮನೆಯವನು. ಅವನಿಗೆ ಕನ್ನಡ ಬರಲ್ಲ, ನನ್ನ ತಮಿಳು ತರಕಾರಿ ಅಂಗಡಿ ಮಟ್ಟದ್ದು. ನಾಲ್ಕು ಗಂಟೆ ನಡೀತಾ ನಡೀತಾ ಎರಡೂ ಕಡೆ ಸ್ವಲ್ಪ ಸುಧಾರಿಸಿದೆ.

2025ರ ಜನವರಿ ನಿಮಗೆ ನೆನಪಿರಬಹುದು, ಸುದ್ದಿ ಎಲ್ಲ ಕಡೆ ಬಂದಿತ್ತು. ಚೆನ್ನೈ ತೀರಕ್ಕೆ ನೂರಾರು ಸತ್ತ ಆಮೆಗಳು ಬಂದು ಬಿದ್ದವು. ಆಮೆ ಉಸಿರಾಡೋಕೆ ನೀರಿನ ಮೇಲೆ ಬರಲೇಬೇಕು. ಟ್ರಾಲ್ ಬಲೆಯಲ್ಲಿ ಸಿಕ್ಕಿಕೊಂಡರೆ ಮುಳುಗಿ ಸಾಯುತ್ತೆ. ತೀರದಿಂದ ಐದು ನಾಟಿಕಲ್ ಮೈಲಿಯೊಳಗೆ ಟ್ರಾಲಿಂಗ್ ಮಾಡಬಾರದು ಅಂತ ನಿಯಮ ಇದೆ, ಆಮೆ ಹೊರಗೆ ಹೋಗೋಕೆ ಬಲೆಗೆ ಅಳವಡಿಸೋ ಸಾಧನವೂ ಇದೆ. ಇದ್ದು ಏನು ಮಾಡೋದು.

ನಾವು ಗೂಡು ಹುಡುಕೋದು ಬಿಟ್ಟು ಹೆಣ ಎಣಿಸ್ತಿದ್ವಿ. ಅದೇ ಆಮೆಯನ್ನ ಎರಡು ಸಲ ಎಣಿಸಬಾರದು ಅಂತ ಚಿಪ್ಪಿನ ಮೇಲೆ ಬಣ್ಣದ ಗುರುತು. ಕೆಲವು ಹೆಣ್ಣುಗಳ ಹೊಟ್ಟೆಯಲ್ಲಿ ಮೊಟ್ಟೆ ಇತ್ತು. ಮೂರನೇ ರಾತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದೆ, ಇನ್ನು ನನ್ನ ಕೈಲಿ ಆಗಲ್ಲ, ಬಿಟ್ಟೆ ಅಂತ. ಅವಳೂ ಸರಿ ಬಿಡಿ ಅಂದಳು. ಗ್ರೂಪ್ ಮ್ಯೂಟ್ ಮಾಡಿದೆ.

ಶುಕ್ರವಾರ ರಾತ್ರಿ ಹತ್ತೂವರೆಗೆ ಆ ಹುಡುಗನ ಫೋನು. ಆಮೆ, ಸಮುದ್ರ, ಕರ್ತವ್ಯ ಏನೂ ಮಾತಾಡಲಿಲ್ಲ. "ಅಣ್ಣಾ, ಅಮ್ಮ ನಿಮಗೂ ಸೇರಿಸಿ ಇಡಿಯಾಪ್ಪಂ ಮಾಡಿದಾರೆ. ಬರ್ತೀರಲ್ಲ?" ಅಂದ. ಹೋದೆ. ಆವತ್ತು ಏನೂ ದೊಡ್ಡದು ಆಗಲಿಲ್ಲ. ಮೂರು ಸತ್ತ ಆಮೆ, ಒಂದೂ ಗೂಡಿಲ್ಲ. ಬೆಳಗಿನ ಜಾವ ಟೀ ಅಂಗಡಿ ಮುಂದೆ ಆರು ಜನ ಸುಮ್ಮನೆ ನಿಂತು ಇಡಿಯಾಪ್ಪಂ ತಿಂದ್ವಿ. ಒಬ್ಬರು ಅತ್ತರು. ಯಾರೂ ಸಮಾಧಾನ ಮಾಡೋಕೆ ಹೋಗಲಿಲ್ಲ, ಇನ್ನೊಂದು ಟೀ ಹೇಳಿದರು.

ಮುಂಬೈ, ಪುಣೆ, ಹೈದರಾಬಾದಿನಿಂದ ನೋಡ್ತಿರೋರು ನನಗೆ ಮೆಸೇಜ್ ಮಾಡ್ತೀರಿ, ನಮ್ಮ ಕೆರೆಗೆ, ಟೇಕಡಿಗೆ ಜನ ಸೇರಿಸೋದು ಹೇಗೆ ಅಂತ. ನನಗೆ ಗೊತ್ತಿರೋದು ಇಷ್ಟೇ: ನಲವತ್ತು ಜನ ಬೇಡ, ಮೂರು ಜನರನ್ನ ಕರೀರಿ. ಬಂದ ದಿನವೇ ಕೈಗೊಂದು ನಿಜವಾದ ಕೆಲಸ ಕೊಡಿ. ಬರದೇ ಇದ್ದ ದಿನ ಫೋನ್ ಮಾಡಿ, ಬೈಯೋಕಲ್ಲ, ಊಟ ಆಯ್ತಾ ಅಂತ ಕೇಳೋಕೆ.

ಚೆನ್ನೈನಲ್ಲಿ ಇರೋರು ಜನವರಿಯಿಂದ ಶುಕ್ರವಾರ, ಶನಿವಾರ ರಾತ್ರಿ ಬರಬಹುದು. ಟಾರ್ಚ್ ತರಬೇಡಿ, ಆಮೆಗೆ ಆಗಲ್ಲ. ಫ್ಲಾಸ್ಕ್‌ನಲ್ಲಿ ಕಾಫಿ ತನ್ನಿ. ಇಲ್ಲಿ ಮೂರು ಗಂಟೆಗೆ ಕಾಫಿ ತಂದ ಕನ್ನಡದವರಿಗೆ ಭಾರೀ ಮರ್ಯಾದೆ. ಆ ಹುಡುಗ ಈಗ ಕೋರ್ಸ್ ಮುಗಿಸಿ ಹೊಸೂರಿನಲ್ಲಿ ಕೆಲಸಕ್ಕೆ ಸೇರಿದಾನೆ. ಹಾಗಾಗಿ ಈ ಸಲ ನನಗೆ ಜೋಡಿ ಇಲ್ಲ.