ಕಿಚ್ಚಿಗಿಂತ ಮುಂದೆ ಓಡಬೇಕಾದ ಸುದ್ದಿ

ಸುದ್ದಿ ಬೇಗ ಹರಡಿದರೆ ಕನ್ನಡದಲ್ಲಿ ‘ಕಾಳ್ಗಿಚ್ಚಿನಂತೆ ಹಬ್ಬಿತು’ ಅನ್ನುತ್ತೇವೆ. ಕಾಡಿನ ಕಿಚ್ಚೇ ಕಾಳ್ಗಿಚ್ಚು. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ನಿಮಗೆ ಇದು ಬರೀ ಉಪಮೆಯಲ್ಲ, ಆ ಹೊಗೆಯ ವಾಸನೆ ನಿಮಗೆ ಗೊತ್ತು. ಇವತ್ತು ಈ ಬೆಂಕಿಯನ್ನು ಮೇಲಿನಿಂದ ಕಾಯುವ ಕಣ್ಣುಗಳ ಬಗ್ಗೆ ಮಾತಾಡೋಣ.

ಸುಮಾರು 36,000 ಕಿ.ಮೀ. ಎತ್ತರದಲ್ಲಿ ಗೋಸ್ ಉಪಗ್ರಹ ಇದೆ. ಭೂಮಿಯ ಜೊತೆಗೇ ಸುತ್ತುವುದರಿಂದ ಸದಾ ನಮ್ಮ ಕಡೆಗೇ ನೋಡುತ್ತಿರುತ್ತದೆ. ಕೆಲವೇ ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ. ಆದರೆ ಅದರ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಸುಮಾರು 2 ಕಿ.ಮೀ. ಅದಕ್ಕಿಂತ ಬಹಳ ಕೆಳಗೆ, ವಿಯರ್ಸ್ ಎಂಬ ಉಪಕರಣ ಹೊತ್ತ ಉಪಗ್ರಹಗಳು ಹಾಯುತ್ತವೆ. ಅವುಗಳ ಚುಕ್ಕಿ 375 ಮೀಟರ್, ಅಂದರೆ ಇನ್ನಷ್ಟು ಸ್ಪಷ್ಟ. ಆದರೆ ಒಂದೊಂದು ಉಪಗ್ರಹವೂ ದಿನಕ್ಕೆ ಸುಮಾರು ಎರಡೇ ಸಲ ಬರುತ್ತದೆ. ನಾಸಾದ ‘ಫರ್ಮ್ಸ್’ ನಕ್ಷೆಯಲ್ಲಿ ನೀವು ನೋಡುವ ಕೆಂಪು ಗುರುತುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಬರುತ್ತವೆ. ಇದೇ ವಿಯರ್ಸ್ ನಮ್ಮ ಬಂಡೀಪುರದ ಕಾಡನ್ನೂ ನೋಡುತ್ತದೆ. ಅಲ್ಲಿನ ಅರಣ್ಯ ಸಿಬ್ಬಂದಿಯ ಮೊಬೈಲಿಗೂ ಹೀಗೇ ಎಚ್ಚರಿಕೆ ಹೋಗುತ್ತದೆ.

ಇನ್ನು ಡ್ರೋನ್. ರಾತ್ರಿ, ಹೊಗೆಯ ನಡುವೆಯೂ, ಅಗ್ನಿಶಾಮಕ ದಳದ ಡ್ರೋನ್ ಶಾಖ ಗುರುತಿಸುವ ಕ್ಯಾಮೆರಾದಿಂದ ಬೂದಿ ಮುಚ್ಚಿದ ಕೆಂಡವನ್ನು ಪತ್ತೆಹಚ್ಚುತ್ತದೆ. ನಿಮ್ಮ ಹತ್ತಿರವೂ ಡ್ರೋನ್ ಇದ್ದರೆ, ಬೆಂಕಿಯ ಹತ್ತಿರ ದಯವಿಟ್ಟು ಹಾರಿಸಬೇಡಿ. 2025ರ ಜನವರಿಯಲ್ಲಿ, ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಬೆಂಕಿಯ ಮೇಲೆ ಒಂದು ಖಾಸಗಿ ಡ್ರೋನ್ ನೀರು ಸುರಿಯುವ ವಿಮಾನಕ್ಕೆ ಬಡಿದು ರೆಕ್ಕೆ ತೂತಾಯಿತು. ವಿಮಾನವೇನೋ ಕ್ಷೇಮವಾಗಿ ಇಳಿಯಿತು, ಆದರೆ ಬೆಂಕಿ ಉರಿಯುತ್ತಿರುವಾಗಲೇ ಅದನ್ನು ರಿಪೇರಿಗೆ ನಿಲ್ಲಿಸಬೇಕಾಯಿತು.

ಇಷ್ಟೆಲ್ಲ ಕಣ್ಣುಗಳಿದ್ದರೆ ಸಾಕೇ? 2018ರ ನವೆಂಬರ್ 8ರಂದು ಪ್ಯಾರಡೈಸ್ ಪಟ್ಟಣ ಸುಟ್ಟಾಗ ಆಕಾಶದಲ್ಲಿ ಉಪಗ್ರಹಗಳಿದ್ದವು. ಆದರೆ ಕೆಳಗೆ ಎಷ್ಟೋ ಮನೆಗಳಿಗೆ ಎಚ್ಚರಿಕೆ ಮುಟ್ಟಲಿಲ್ಲ. ಆ ಬೆಂಕಿಗೆ 85 ಜನ ಬಲಿಯಾದರು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು.

ಈಗ ನಿಮ್ಮ ಮನೆಯನ್ನೇ ನೆನೆಯಿರಿ. ಆರು ತಿಂಗಳಿಗೆಂದು ಬಂದ ಅಜ್ಜಿ ತಾತ ಹಗಲು ಹೊತ್ತು ಇಬ್ಬರೇ ಇರುತ್ತಾರೆ. ಅಪ್ಪ ಅಮ್ಮ ಕೆಲಸದಲ್ಲಿ, ನೀವು ಕಾಲೇಜಿನಲ್ಲಿ. ಫೋನು ಕಿರುಚಿಕೊಂಡು ಇಂಗ್ಲಿಷಿನಲ್ಲಿ ಎರಡು ಸಾಲು ತೋರಿಸಿದರೆ ಅವರಿಗೆ ಏನು ತಿಳಿಯಬೇಕು?

ಅದಕ್ಕೆ ಈ ವಾರವೇ ಮೂರು ಕೆಲಸ ಮಾಡಿ. ನಿಮ್ಮ ಕೌಂಟಿಯ ಎಚ್ಚರಿಕೆ ಸೇವೆಗೆ ಮನೆಯ ಎಲ್ಲ ಫೋನುಗಳನ್ನೂ ನೋಂದಾಯಿಸಿ, ಅಜ್ಜಿಯದನ್ನೂ ಸೇರಿಸಿ. ನಿಮ್ಮ ಇವ್ಯಾಕ್ಯುಯೇಷನ್ ಜೋನ್ ಯಾವುದೆಂದು ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಮೂರನೆಯದು, ಎರಡು ಮಾತು ಕಲಿಸಿ: ‘ವಾರ್ನಿಂಗ್’ ಅಂದರೆ ಪಾಸ್‌ಪೋರ್ಟು, ಔಷಧಿ ತೆಗೆದಿಟ್ಟುಕೊಂಡು ತಯಾರಾಗಿ. ಅಜ್ಜಿ ತಾತ ನಿಧಾನವಾಗಿ ನಡೆಯುವವರಲ್ಲವೇ, ಆಗಲೇ ಹೊರಟರೆ ಇನ್ನೂ ಒಳ್ಳೆಯದು. ‘ಆರ್ಡರ್’ ಅಂದರೆ ಒಲೆಯ ಮೇಲೆ ಏನಿದ್ದರೂ ಆರಿಸಿ, ಈಗಲೇ ಹೊರಡಿ. ಯಾರ ಕಾರಿನಲ್ಲಿ ಎಂಬುದನ್ನೂ ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿಟ್ಟಿರಿ.

ಇದನ್ನು ಉಪಗ್ರಹ ಮಾಡಲಾರದು. ಎರಡೂ ಭಾಷೆ ಬಲ್ಲ ನೀವು ಮಾಡಬಲ್ಲಿರಿ.