ಗಂಡಸರೂ ಆಸ್ಪತ್ರೆಯ ಬಾಗಿಲೂ

ಗಂಡಸರ ಆರೋಗ್ಯದ ವಿಚಾರ ಎಂದೊಡನೆ ಕೇಳುಗರಲ್ಲಿ ಕೆಲವರಿಗೆ ನಗು ಬಂದರೂ ಬರಬಹುದು. ತಾಯಂದಿರ ಆರೋಗ್ಯ, ಮಕ್ಕಳ ಆರೋಗ್ಯ ಎಂದು ಮಾತನಾಡುವುದು ವಾಡಿಕೆ. ಗಂಡಸಿಗೇನು ಧಾಡಿ, ಗುಂಡುಕಲ್ಲಿನಂತೆ ಇದ್ದಾನೆ ಎನ್ನುವುದು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು. ಆ ಮಾತನ್ನು ನಂಬಿದವರಲ್ಲಿ ಮೊದಲಿಗನು ಗಂಡಸೇ.

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ರೈತನು ಅಂದೇ ಪಶುವೈದ್ಯರನ್ನು ಹುಡುಕಿಕೊಂಡು ಹೊರಡುತ್ತಾನೆ. ಪಂಪಿನ ಮೋಟಾರಿನ ಸದ್ದು ಕೊಂಚ ಬೇರೆಯಾಗಿ ಕೇಳಿದರೂ ಮೆಕ್ಯಾನಿಕ್ಕಿಗೆ ಹೇಳಿಕಳುಹಿಸುತ್ತಾನೆ. ಅದೇ ಮನುಷ್ಯ ತನ್ನ ಎದೆಯಲ್ಲಿ ಭಾರ ಕಾಣಿಸಿಕೊಂಡು, ಎಡಗೈ ಸೆಳೆದು, ಮೈ ಬೆವತರೆ “ಗ್ಯಾಸು” ಎಂದು ಹೇಳಿ, ಒಂದು ಸೋಡಾ ಕುಡಿದು, ಗೋಡೆಗೆ ಒರಗಿ ಕುಳಿತುಕೊಳ್ಳುತ್ತಾನೆ. ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡ ಗಳಿಗೆಯಿಂದ ಹೃದಯದ ಸ್ನಾಯು ಸಾಯತೊಡಗುತ್ತದೆ. ಮೊದಲ ಒಂದೆರಡು ಗಂಟೆಯೊಳಗೆ ಚಿಕಿತ್ಸೆ ದೊರೆತರೆ ಉಳಿಯುವುದು ಹೆಚ್ಚು. ಆ ಅಮೂಲ್ಯವಾದ ಹೊತ್ತು ಸೋಡಾದಲ್ಲಿ ಕಳೆದುಹೋಗುತ್ತದೆ.

ಇದು ಬರಿಯ ಹರಟೆಯ ಮಾತಲ್ಲ. ನಮ್ಮ ದೇಶದ 2016ರಿಂದ 2020ರವರೆಗಿನ ಲೆಕ್ಕದಂತೆ ಹುಟ್ಟಿದ ಹೆಣ್ಣುಮಗುವಿನ ನಿರೀಕ್ಷಿತ ಆಯುಸ್ಸು 71.4 ವರ್ಷ, ಗಂಡುಮಗುವಿನದು 68.6. ಈ ಅಂತರದಲ್ಲಿ ಪ್ರಕೃತಿಯ ಪಾಲೂ ಉಂಟು. ಆದರೆ ಎಲ್ಲವನ್ನೂ ಪ್ರಕೃತಿಯ ತಲೆಗೆ ಕಟ್ಟುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15 ವರ್ಷ ಮೀರಿದ ಗಂಡಸರಲ್ಲಿ 100ಕ್ಕೆ 38 ಮಂದಿ ಒಂದಲ್ಲ ಒಂದು ರೂಪದಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದರು. ಹೆಂಗಸರಲ್ಲಿ 9 ಮಂದಿ. ರಕ್ತದೊತ್ತಡ ಏರಿದ್ದವರು ಅಥವಾ ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದವರು ಗಂಡಸರಲ್ಲಿ 100ಕ್ಕೆ 24, ಹೆಂಗಸರಲ್ಲಿ 21. ಸಕ್ಕರೆಯ ಅಂಶದ ವಿಚಾರದಲ್ಲಿಯೂ ಗಂಡಸರೇ ಮುಂದು.

ಇನ್ನೊಂದು ಲೆಕ್ಕ ನೋಡಿ. 2019ರಿಂದ 2021ರವರೆಗೆ ದೇಶದಾದ್ಯಂತ ಕ್ಷಯರೋಗದ ಸಮೀಕ್ಷೆ ನಡೆಯಿತು. ಆ ರೋಗ ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು ಎಂದು ಕಂಡುಬಂತು. ರೋಗದ ಲಕ್ಷಣಗಳಿದ್ದ ಹೆಂಗಸರು ಗಂಡಸರನ್ನು ಒಟ್ಟಿಗೆ ಲೆಕ್ಕ ಹಾಕಿದರೆ, 100ಕ್ಕೆ ಸುಮಾರು 64 ಮಂದಿ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ಏಕೆ ಹೋಗಲಿಲ್ಲ ಎಂದು ಕೇಳಿದಾಗ, ಹೋಗದವರಲ್ಲಿ 100ಕ್ಕೆ 68 ಮಂದಿ ಲಕ್ಷಣಗಳನ್ನು ಲೆಕ್ಕಿಸದೆ ಇದ್ದವರು. ಹಣವಿಲ್ಲದೆ ಹೋಗಲಾಗಲಿಲ್ಲ ಎಂದವರು ಸುಮಾರು 2 ಮಂದಿ ಮಾತ್ರ. ಕೆಮ್ಮು ತಾನೆ, ಹೋಗುತ್ತದೆ ಬಿಡಿ ಎಂಬ ಉದಾಸೀನ ಬಡತನಕ್ಕಿಂತಲೂ ದೊಡ್ಡ ಅಡ್ಡಗೋಡೆಯಾಗಿ ನಿಂತಿದೆ ಎಂದಾಯಿತು.

ಈ ಉದಾಸೀನ ಎಲ್ಲಿಂದ ಬಂತು? ಮೊದಲನೆಯದಾಗಿ ಅದು ತೊಟ್ಟಿಲಿನಿಂದಲೇ ಬಂದದ್ದು. ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡ ಹುಡುಗ ಅಳುತ್ತ ಬಂದರೆ, “ಥೂ, ಗಂಡುಹುಡುಗ ಅಳುತ್ತಾನೆಯೆ?” ಎಂದು ಹಿರಿಯರು ಗದರಿಸುತ್ತಾರೆ. ಅಳುವ ಗಂಡಸನ್ನು ನಂಬಬಾರದು ಎಂದು ಗಾದೆ ಬೇರೆ ಮಾಡಿಕೊಂಡಿದ್ದೇವೆ. ಹೀಗೆ ಬೆಳೆದ ಹುಡುಗನಿಗೆ ನಲವತ್ತು ತುಂಬುವ ಹೊತ್ತಿಗೆ ನೋವು ಇರುತ್ತದೆ, ಅದನ್ನು ಹೇಳುವ ಮಾತು ಇರುವುದಿಲ್ಲ. ಕೊನೆಗೂ ವೈದ್ಯರ ಮುಂದೆ ಕುಳಿತಾಗ ಅವನು ಆಡುವ ಮೊದಲ ಮಾತು, “ನನಗೇನೂ ಇಲ್ಲ ಡಾಕ್ಟ್ರೆ, ಇವಳು ಬಿಡಲಿಲ್ಲ, ಅದಕ್ಕೆ ಬಂದೆ” ಎಂಬುದು. ವೈದ್ಯರು ಅವನನ್ನು ಕೇಳುತ್ತಾರೆ, ಪಕ್ಕದಲ್ಲಿ ನಿಂತ ಹೆಂಡತಿ ಉತ್ತರ ಕೊಡುತ್ತಾಳೆ.

ದೇಹದ ನೋವನ್ನೇ ಹೇಳಲಾರದವನು ಮನಸ್ಸಿನ ನೋವನ್ನು ಹೇಳಿಯಾನೆ? 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಅವರಲ್ಲಿ 100ಕ್ಕೆ ಸುಮಾರು 72 ಮಂದಿ ಗಂಡಸರು. ಸಾಲ, ಕುಡಿತ, ಮನೆಯ ಕಲಹ ಎಂದು ಕಾರಣಗಳು ನೂರು ಇರಬಹುದು. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಒಬ್ಬರಾದರೂ ಇದ್ದಿದ್ದರೆ ಎಂದು ಆ ಮನೆಗಳವರು ಎಷ್ಟು ಸಲ ಹಲುಬಿರಬೇಕು! ಇಂಥವರಿಗಾಗಿಯೇ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯ ಕಾರಣ ದುಡಿಮೆ. ಇಲ್ಲಿ ಗಂಡಸನ್ನು ಸುಮ್ಮನೆ ಬಯ್ಯುವುದು ನ್ಯಾಯವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊರರೋಗಿಗಳನ್ನು ನೋಡುವುದು ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ. ಗಾರೆ ಕೆಲಸದವನು ಗೋಡೆ ಕಟ್ಟುವುದೂ ಅದೇ ಹೊತ್ತಿನಲ್ಲಿ. ಅವನು ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಹೋಯಿತು. ಬಾಡಿಗೆ ಆಟೋ ಓಡಿಸುವವನು ಓಡಿಸಲಿ ಬಿಡಲಿ, ಮಾಲೀಕನಿಗೆ ದಿನದ ಬಾಡಿಗೆ ಕೊಡಲೇಬೇಕು. ಲಾರಿ ಚಾಲಕನಿಗಾದರೂ, ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಎಲ್ಲಿ ಕೆಲಸ ಹೋದೀತೊ ಎಂಬ ದಿಗಿಲು. ಅವನು ಸೋಮಾರಿಯಲ್ಲ, ಲೆಕ್ಕ ಹಾಕುವವನೇ. ಆದರೆ ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ. ಒಂದು ದಿನದ ಕೂಲಿ ಉಳಿಯಿತು ಎಂದು ಬರೆದುಕೊಂಡವನು, ಲಕ್ವ ಹೊಡೆದು ಹಾಸಿಗೆ ಹಿಡಿದರೆ ಹೋಗುವ ವರುಷಗಳ ಕೂಲಿಯನ್ನು ಎದುರಿಗೆ ಬರೆದುಕೊಳ್ಳುವುದಿಲ್ಲ. ಆಗ ಹೆಂಡತಿ ಅವನನ್ನು ನೋಡಿಕೊಳ್ಳಬೇಕೊ, ಕೂಲಿಗೆ ಹೋಗಬೇಕೊ? ಮಗನ ಓದು ನಿಲ್ಲುತ್ತದೆ, ತುಂಡು ಹೊಲ ಅಡವು ಬೀಳುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆ.

ಮೂರನೆಯದು ನಾವು ಅಷ್ಟಾಗಿ ಗಮನಿಸದ ಸಂಗತಿ. ಹೆಂಗಸಿಗೆ ಬಸಿರು, ಬಾಣಂತನ, ಮಗುವಿನ ಚುಚ್ಚುಮದ್ದು ಎಂದು ಆಸ್ಪತ್ರೆಯ ಬಳಕೆ ತಾನಾಗಿ ಬರುತ್ತದೆ. ಅವಳ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಹಿಡಿದು ಕರೆಯುತ್ತಾಳೆ. ಗಂಡಸಿಗೆ ಹುಡುಗನಾಗಿದ್ದಾಗ ಹಾಕಿಸಿದ ಚುಚ್ಚುಮದ್ದಿನ ಮೇಲೆ ಆಸ್ಪತ್ರೆಯ ಬಾಗಿಲು ಕಾಣುವುದು, ಎಷ್ಟೋ ಸಲ, ನಾಲ್ಕು ಜನ ಹೊತ್ತು ತಂದಾಗ. ಹಾಗೆಂದು ಹೆಂಗಸರ ಆರೋಗ್ಯ ಸುಖವಾಗಿದೆ ಎಂದು ಯಾರೂ ತಿಳಿಯಬಾರದು. ಬಸಿರು ಬಾಣಂತನದ ಹೊರಗಿನ ಕಾಯಿಲೆಗೆ ಅವಳು ಎಷ್ಟೋ ಮನೆಗಳಲ್ಲಿ ಗಂಡನ ಹಣಕ್ಕೂ ಒಪ್ಪಿಗೆಗೂ ಕಾಯಬೇಕು. ಅವಳಿಗೆ ಮನಸ್ಸಿದ್ದರೂ ಅವಕಾಶವಿಲ್ಲ. ಇವನಿಗೆ ಅವಕಾಶವಿದ್ದರೂ ಮನಸ್ಸಿಲ್ಲ.

ನಾಲ್ಕನೆಯದು ಭಯ. ಪರೀಕ್ಷೆ ಮಾಡಿಸಿದರೆ ಇಲ್ಲದ ರೋಗ ಹಚ್ಚುತ್ತಾರೆ ಎನ್ನುವವರನ್ನು ನೀವೂ ಕಂಡಿರುತ್ತೀರಿ. ಈ ಭಯದ ಇನ್ನೊಂದು ಮುಖವೂ ಉಂಟು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ವ್ಯಾಯಾಮವನ್ನು ನೇಮದಿಂದ ಮಾಡುತ್ತಿದ್ದವರು ಅವರು. ಅವರ ಸಾವಿಗೆ ಉದಾಸೀನ ಕಾರಣವೆಂದು ಹೇಳುವಂತಿಲ್ಲ. ಆದರೆ ಆ ಸುದ್ದಿ ಕೇಳಿದ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಕಿಕ್ಕಿರಿದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವದಲ್ಲಿಯೂ ಹಾಗೆಯೇ ಆಯಿತು. ಭಯದಿಂದ ಬಂದವನು ಭಯ ಇಳಿದೊಡನೆ ಹಿಂದಿರುಗುತ್ತಾನೆ. ಬೇಕಾದುದು ವರುಷಕ್ಕೊಮ್ಮೆಯ ಶಾಂತವಾದ ಅಭ್ಯಾಸ.

ಏಕೆಂದರೆ ಗಂಡಸನ್ನು ಕೆಡಹುವ ಕಾಯಿಲೆಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಬರುವಂಥವು. ಏರಿದ ರಕ್ತದೊತ್ತಡಕ್ಕೆ ಬಹುಮಟ್ಟಿಗೆ ಲಕ್ಷಣವೇ ಇಲ್ಲ. ತಲೆ ಸುತ್ತಿದಾಗ ನೋಡೋಣ ಎನ್ನುವವನು ಬಹಳ ತಡಮಾಡಿದ ಹಾಗೆಯೇ. ಸಕ್ಕರೆ ಕಾಯಿಲೆ ಹಳತಾದರೆ ಪಾದದ ಸ್ಪರ್ಶ ಮಂಕಾಗುತ್ತದೆ. ಬರಿಗಾಲಿನಲ್ಲಿ ಗದ್ದೆಗಿಳಿದವನಿಗೆ ಮುಳ್ಳು ಚುಚ್ಚಿದ್ದೇ ತಿಳಿಯದೆ, ಹುಣ್ಣು ಕೊಳೆತು, ಕಾಲನ್ನು ಕತ್ತರಿಸುವವರೆಗೂ ಹೋಗಬಹುದು. ಬಾಯಿಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು ಇದ್ದರೆ ತೋರಿಸಲೇಬೇಕು. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಇನ್ನು ಹರ್ನಿಯಾ, ಐವತ್ತರ ಮೇಲೆ ಮೂತ್ರ ಕಟ್ಟುವುದು, ಇವನ್ನೆಲ್ಲ ನಾಚಿಕೆಯಿಂದ ಪಂಚೆಯೊಳಗೆ ಮುಚ್ಚಿಟ್ಟುಕೊಳ್ಳುವವರು ಬಹಳ. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ನಾಚಿಕೆಗೆ ಸಮಯವಿರುವುದಿಲ್ಲ.

ಹಾಗಾದರೆ ಮಾಡುವುದೇನು? ಗಂಡಸು ವೈದ್ಯರ ಬಳಿಗೆ ಬಾರದಿದ್ದರೆ, ಗಂಡಸರು ಕೂಡುವಲ್ಲಿಗೆ ವೈದ್ಯವೇ ಹೋಗಬೇಕು. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಪ್ಪು ಜನರ 52 ಕ್ಷೌರದಂಗಡಿಗಳಲ್ಲಿ ರಕ್ತದೊತ್ತಡ ಏರಿದ್ದ 319 ಗಂಡಸರನ್ನು ಆರಿಸಿಕೊಂಡರು. ಕೆಲವು ಅಂಗಡಿಗಳಲ್ಲಿ ಔಷಧತಜ್ಞರೇ ಬಂದು ಒತ್ತಡ ನೋಡಿ ಔಷಧಿ ಕೊಟ್ಟರು. ಉಳಿದ ಅಂಗಡಿಗಳಲ್ಲಿ ವೈದ್ಯರ ಬಳಿಗೆ ಹೋಗಿ ಎಂದು ಕ್ಷೌರಿಕನು ಬುದ್ಧಿ ಹೇಳಿದನು. ಆರು ತಿಂಗಳಲ್ಲಿ ಮೊದಲ ಗುಂಪಿನವರ ಮೇಲಿನ ಒತ್ತಡ ಸರಾಸರಿ 27 ಅಂಶ ಇಳಿಯಿತು. ಎರಡನೆಯ ಗುಂಪಿನಲ್ಲಿ ಸುಮಾರು 9 ಅಂಶ. ನಮ್ಮಲ್ಲಿಯೂ ಕ್ಷೌರದಂಗಡಿ ಉಂಟು, ಬೆಳಗಿನ ಹಾಲಿನ ಡೈರಿ ಉಂಟು, ವಾರದ ಸಂತೆ ಉಂಟು, ಆಟೋ ನಿಲ್ದಾಣ ಉಂಟು. ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿ, 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆಗಳನ್ನು ಮನೆಬಾಗಿಲಿನಲ್ಲಿಯೇ ನೋಡುವ ಏರ್ಪಾಡು ಮಾಡಿದ್ದು ಒಳ್ಳೆಯ ಹೆಜ್ಜೆ. ಆದರೆ ಹಗಲಿನಲ್ಲಿ ಮನೆಬಾಗಿಲಿಗೆ ಹೋದರೆ ಗಂಡಸು ಮನೆಯಲ್ಲಿರುವುದಿಲ್ಲ ಎಂಬುದನ್ನು ಮರೆಯಬಾರದು.

ಮೂವತ್ತು ದಾಟಿದ ಗಂಡಸರು ವರುಷಕ್ಕೆ ಒಂದು ಬೆಳಗ್ಗೆಯನ್ನು ಇದಕ್ಕಾಗಿ ಎತ್ತಿಡಲಿ. ರಕ್ತದೊತ್ತಡ, ಸಕ್ಕರೆ, ಸೊಂಟದ ಸುತ್ತಳತೆ, ಬಾಯಿಯ ಪರೀಕ್ಷೆ, ಇಷ್ಟಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲಿ. ಎದೆನೋವಿಗೆ ಸೋಡಾ ಬೇಡ, 108ಕ್ಕೆ ಕರೆ ಮಾಡಿ. ಮಾತ್ರೆ ಬರೆದುಕೊಟ್ಟರೆ, ಮೈ ಹಗುರವಾಯಿತೆಂದು ಮೂರನೆಯ ತಿಂಗಳಿಗೆ ನಿಲ್ಲಿಸಬೇಡಿ.

ಇನ್ನೊಂದು ಮಾತು. ಮನೆಯಲ್ಲಿ ಅಪ್ಪ ಮಾತ್ರೆಯನ್ನು ಕದ್ದು ಮುಚ್ಚಿ ನುಂಗುವುದು ಬೇಡ. ಊಟದ ಪಂಕ್ತಿಯಲ್ಲಿ, ಮಗನ ಕಣ್ಣೆದುರಿಗೇ ನುಂಗಲಿ. “ಏನಪ್ಪಾ ಅದು?” ಎಂದು ಹುಡುಗ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಗಂಡಸಿಗೂ ನೋವಾಗುತ್ತದೆ, ಅದನ್ನು ಹೇಳಬಹುದು, ಹೇಳಿದರೆ ವಾಸಿಯೂ ಆಗುತ್ತದೆ ಎಂಬ ಪಾಠವನ್ನು ಆ ಹುಡುಗ ಬೇರೆ ಎಲ್ಲಿ ಕಲಿಯಬೇಕು?