ಡಿಪ್ಲೊಮಾ ಮುಗಿದ ಮೇಲೆ ಮುಂದೇನು?
(ಪುಣೆಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಹೋಟೆಲ್, ಗಿರಣಿ ಬಂಧುಗಳೇ,

ನಾವು ಕಪ್ಪು-ಬಸಿ ತೊಳೆದು ಬೆಳೆದವರು. ನಮ್ಮ ಓದು ಏಳನೆಯ ಇಯತ್ತೆಗೇ ನಿಂತಿತು. ಇಂದು ನಮ್ಮ ಮಕ್ಕಳು ಪಾಲಿಟೆಕ್ನಿಕ್ ಮೆಟ್ಟಿಲು ಹತ್ತಿದ್ದಾರೆ. ಅಲ್ಲಿಂದ ಇಂಜಿನಿಯರಿಂಗ್ ಕಾಲೇಜಿಗೆ ಯಾವಾಗ ದಾಟಬೇಕೆಂದು ಅನೇಕರು ಕೇಳುತ್ತಾರೆ.

ಲೆಕ್ಕ ನೋಡೋಣ. ಹತ್ತನೆಯ ಇಯತ್ತೆಯ ನಂತರ ಕಾಲೇಜಿನ 2 ವರ್ಷ, ಪದವಿಯ 4 ವರ್ಷ, ಒಟ್ಟು 6. ಡಿಪ್ಲೊಮಾಕ್ಕೆ 3 ವರ್ಷ, ಆಮೇಲೆ ಪದವಿಯ ಎರಡನೆಯ ವರ್ಷಕ್ಕೇ ನೇರ ಪ್ರವೇಶ, ಅಲ್ಲಿ 3 ವರ್ಷ, ಇದೂ 6. ಕಾಲ ನಷ್ಟವಿಲ್ಲ. ಮೇಲಾಗಿ ನಡುದಾರಿಯಲ್ಲೇ ಅನ್ನಕ್ಕೆ ಆಧಾರವಾಗುವ ಪ್ರಮಾಣಪತ್ರ ಕೈಗೆ ಬರುತ್ತದೆ.

ಆದುದರಿಂದ ಡಿಪ್ಲೊಮಾ ಅರ್ಧಕ್ಕೆ ಬಿಡಿಸಬೇಡಿ. ನಮ್ಮ ಜೊತೆ ಸಪ್ಲೈ ಮಾಡುತ್ತಿದ್ದವರೊಬ್ಬರ ಮಗ ಕೊನೆಯ ವರ್ಷದಲ್ಲಿ ಸಂಬಳದ ಆಸೆಗೆ ಓದು ಬಿಟ್ಟ. ಈಗ ಪ್ರಮಾಣಪತ್ರವೂ ಇಲ್ಲ, ಬಡತಿಯೂ ಇಲ್ಲ. ತಂದೆಯ ಕಣ್ಣೀರು ನಾವು ಕಂಡಿದ್ದೇವೆ.

ಮುಗಿದ ಮೇಲೆ? ಮನೆ ತಡೆದುಕೊಳ್ಳುವಂತಿದ್ದರೆ ಅದೇ ವರ್ಷ ದಾಟಲಿ. ಗಣಿತ ಮರೆಯುವ ಮೊದಲೇ ಹೋಗುವುದು ಲೇಸು. ಸಾಲವಿದ್ದರೆ ಒಂದೆರಡು ವರ್ಷ ದುಡಿಯಲಿ. ಆದರೆ ಮರಳುವ ವರ್ಷವನ್ನು ಇಂದೇ ಗೊತ್ತುಮಾಡಿ. ಮಹಾರಾಷ್ಟ್ರದಲ್ಲಿ ಈ ಪ್ರವೇಶ ಡಿಪ್ಲೊಮಾ ಅಂಕಗಳ ಮೇಲೆಯೇ ನಡೆಯುತ್ತದೆ. ಪ್ರತಿ ಅಂಕವೂ ಗಲ್ಲಾದೊಳಗಿನ ರೂಪಾಯಿಯಂತೆ.

ಶಿವಾಜಿನಗರದಲ್ಲಿ 1854ರಲ್ಲಿ ಹುಟ್ಟಿ 2022ರಲ್ಲಿ ವಿಶ್ವವಿದ್ಯಾಲಯವಾದ ಇಂಜಿನಿಯರಿಂಗ್ ಕಾಲೇಜಿದೆ. ಹಾಲಿನ ಕ್ಯಾನು ಹೊತ್ತು ಆ ಗೇಟಿನ ಮುಂದೆ ನಾವು ಎಷ್ಟೋ ಸಲ ಹಾದಿದ್ದೇವೆ. ಒಳಗೆ ಹೋಗುವ ಸರದಿ ನಮ್ಮ ಮಕ್ಕಳದು.